ಹರಿಗೋಲು: ರಚನೆ, ಪಾಲನೆ, ಬದುಕು

ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ಚರ್ಮವನ್ನೋ ಡಾಂಬರು ಬಳಿದ ಹೊದಿಕೆಯನ್ನೋ ಬಿಗಿದು, ನೀರು ಒಸರದಂತೆ ಮಾಡಿದ ಚಪ್ಪಟೆ ತಳದ ದುಂಡು ದೋಣಿಗೆ ಹರಿಗೋಲು ಎಂದು ಹೆಸರು. ಕಾವೇರಿ, ಕಬಿನಿ, ತುಂಗಭದ್ರಾ, ಕೃಷ್ಣಾ ನದಿಗಳಲ್ಲಿಯೂ ಅವುಗಳಿಗೆ ಕಟ್ಟಿದ ಜಲಾಶಯಗಳಲ್ಲಿಯೂ ಒಳನಾಡಿನ ಕೆರೆಗಳಲ್ಲಿಯೂ ಹೊಳೆ ದಾಟುವುದಕ್ಕೆ, ಮೀನು ಹಿಡಿಯುವುದಕ್ಕೆ, ಸರಕು ಸಾಗಿಸುವುದಕ್ಕೆ, ಇತ್ತೀಚೆಗೆ ವಿಹಾರಕ್ಕೆ ಇದು ಬಳಕೆಯಾಗುತ್ತಿದೆ. ಹಳೆಯ ಮೈಸೂರು ಸೀಮೆಯ ಆಡುಮಾತಿನಲ್ಲಿ ಇದನ್ನು ತೆಪ್ಪ ಎಂದೂ, ತೆಲುಗು ನಾಡಿಗೆ ತಾಗಿದ ರಾಯಚೂರು, ಬಳ್ಳಾರಿ ಕಡೆ ಪುಟ್ಟಿ ಎಂದೂ, ಹೊಗೇನಕಲ್ಲಿನ ತಮಿಳರು ಪರಿಸಲ್ ಎಂದೂ ಕರೆಯುತ್ತಾರೆ. ತೆಪ್ಪವೆಂಬುದು ಮೂಲದಲ್ಲಿ ದಿಮ್ಮಿಗಳನ್ನೋ ಇಡೀ ಬಿದಿರುಗಳನ್ನೋ ಒತ್ತಾಗಿ ಕಟ್ಟಿ ತೇಲಿಬಿಡುವ ಸಾಧನ. ದೇವಸ್ಥಾನಗಳ ತೆಪ್ಪೋತ್ಸವದಲ್ಲಿ ಉಳಿದಿರುವುದು ಈ ಅರ್ಥ. ಹರಿಗೋಲಿಗೆ ಒಳಟೊಳ್ಳಾದ ಬುಟ್ಟಿಯ ರೂಪವಿರುವುದರಿಂದ ಅದನ್ನು ದೋಣಿಗಳ ವರ್ಗದಲ್ಲಿಯೇ ಎಣಿಸಬೇಕಾಗುತ್ತದೆ.

ಈ ಲೇಖನ ಮುಂದೆ ಗಮನಿಸುವ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ದೋಣಿ ಸಾಗುವಂಥ ನದಿಯಾಗಲಿ ಸಂಚಾರದ ಕಾಲುವೆಯಾಗಲಿ ಇಲ್ಲ. ಆದರೂ ಬಸವನಗುಡಿಯ ದೊಡ್ಡ ಬಸವನ ಸನ್ನಿಧಿಯಲ್ಲಿ ಹುಟ್ಟುತ್ತದೆಂಬ ನಂಬಿಕೆಯಿರುವ ವೃಷಭಾವತಿಯು ಅರ್ಕಾವತಿಯನ್ನು ಕೂಡಿ, ಕನಕಪುರದ ಆಚೆ ಸಂಗಮವೆಂಬಲ್ಲಿ ಕಾವೇರಿಗೆ ಸೇರುವುದರಿಂದ, ಈ ಭಾಗದ ನೀರಿನಲ್ಲಿ ಒಂದು ಪಾಲು ಕೊನೆಗೆ ಮುಟ್ಟುವುದು ಹರಿಗೋಲಿನಲ್ಲಿ ಹೊಳೆ ದಾಟುವ ಕಡವನ್ನೇ. ಹರಿಗೋಲಿನ ಬಾಳಿಕೆ ಅದರ ಬಿದಿರಿಗಿಂತ ಹೆಚ್ಚಾಗಿ ಅದಕ್ಕೆ ವರ್ಷವರ್ಷವೂ ಸಲ್ಲುವ ಆರೈಕೆಯನ್ನು ನೆಚ್ಚಿಕೊಂಡಿದೆ ಎಂಬುದು ಈ ದೋಣಿಯ ಅಧ್ಯಯನದಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ.

ಇತಿಹಾಸ

ಹರಿಗೋಲಿನ ಅತ್ಯಂತ ಸ್ಪಷ್ಟವಾದ ಹಳೆಯ ವರ್ಣನೆ ದೊರೆಯುವುದು ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ಬರಹದಲ್ಲಿ. ರಾಜಧಾನಿಯಿಂದ ತುಂಗಭದ್ರೆಯ ಆಚೆ ದಡದ ಆನೆಗೊಂದಿಯ ಕಡೆಗೆ ಜನರು ಬುಟ್ಟಿಯಂತೆ ದುಂಡಗಿರುವ, ಒಳಗೆ ಹೆಣಿಗೆಯೂ ಹೊರಗೆ ಚರ್ಮವೂ ಇರುವ ದೋಣಿಗಳಲ್ಲಿ ದಾಟುತ್ತಿದ್ದರೆಂದೂ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಸುತ್ತಿದ್ದರೆಂದೂ, ಬೇಕಾದಾಗ ಕುದುರೆ ಎತ್ತುಗಳನ್ನೂ ಸಾಗಿಸಬಹುದಾಗಿತ್ತೆಂದೂ, ನೆಟ್ಟಗೆ ಹೋಗಲಾರದೆ ಅವು ಸದಾ ಸುತ್ತುತ್ತಲೇ ಸಾಗುತ್ತಿದ್ದವೆಂದೂ ಅವನು ದಾಖಲಿಸಿದ್ದಾನೆ. ಐನೂರು ವರ್ಷಗಳ ಅನಂತರವೂ ಈ ವಿವರದಲ್ಲಿ ಬದಲಿಸಬೇಕಾದದ್ದು ಚರ್ಮವೆಂಬ ಒಂದು ಪದವನ್ನು ಮಾತ್ರ. ಮುಂದೆ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷ್ ಸೇನೆಯ ಅಧಿಕಾರ ವಹಿಸಿದ್ದ ಆರ್ಥರ್ ವೆಲ್ಲೆಸ್ಲಿ 1803ರ ಮರಾಠಾ ಯುದ್ಧದ ಕಾಲದಲ್ಲಿ ತುಂಬಿದ ನದಿಗಳನ್ನು ದಾಟಲು ಇಂಥ ಬುಟ್ಟಿದೋಣಿಗಳನ್ನು ಮಾಡಿಸಿದನು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸ ದಕ್ಷಿಣ ಭಾರತದ ಹರಿಗೋಲುಗಳನ್ನು ಟೈಗ್ರಿಸ್ ನದಿಯ ದುಂಡು ದೋಣಿಗಳೊಂದಿಗೆ ಹೋಲಿಸಿ ಶಾಸ್ತ್ರೀಯವಾಗಿ ವಿವರಿಸಿದನು.

ಕನ್ನಡ ಸಾಹಿತ್ಯದಲ್ಲಿ ಹರಿಗೋಲಿಗೂ ಅಂಬಿಗನಿಗೂ ವಿಶೇಷವಾದ ಸ್ಥಾನವಿದೆ. ದೋಣಿ ನಡೆಸುವವನನ್ನು ಅಂಬಿಗ ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಈ ಕಾಯಕವನ್ನೇ ತನ್ನ ಹೆಸರಿನಲ್ಲಿಯೂ ಅಂಕಿತದಲ್ಲಿಯೂ ಧರಿಸಿದವನು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಮೇಲಿರುವ ಚೌಡಯ್ಯದಾನಪುರ ಅವನ ನೆನಪನ್ನು ಉಳಿಸಿಕೊಂಡಿದೆ. ಪುರಂದರದಾಸರು ಅಂಬಿಗನನ್ನು ಕರೆದು ಹಾಡುವ ಪ್ರಸಿದ್ಧ ಕೀರ್ತನೆಯಲ್ಲಿ ಒಂಬತ್ತು ತೂತುಗಳುಳ್ಳ ತುಂಬಿದ ಹರಿಗೋಲು ಮನುಷ್ಯದೇಹಕ್ಕೆ ರೂಪಕವಾಗಿದೆ. ಹರಿಗೋಲಿನ ಒಡೆಯನಿಗೆ ತೂತಿನ ಚಿಂತೆ ದಿನವೂ ಇರುವಂಥದು. ಕೀರ್ತನೆಯನ್ನು ಕೇಳಿದ ಹೊಳೆಸಾಲಿನ ಜನರಿಗೆ ಈ ರೂಪಕವನ್ನು ಬಿಡಿಸಿ ಹೇಳುವ ಅಗತ್ಯ ಬೀಳುತ್ತಿರಲಿಲ್ಲ.

ರಚನೆ

ಹರಿಗೋಲಿಗೆ ಬಲಿತ ಬಿದಿರೇ ಬೇಕು. ಎಳೆಯ ಬಿದಿರಿನಲ್ಲಿ ಸಿಹಿಯಂಶ ಮತ್ತು ಪಿಷ್ಟ ಹೆಚ್ಚಾಗಿರುವುದರಿಂದ ಅದಕ್ಕೆ ಕೊರೆಯುವ ಹುಳು ಬೇಗ ಹತ್ತುತ್ತದೆ. ಆದಕಾರಣ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಬಿದಿರನ್ನು ಆಯ್ದು ಕಡಿದು, ಕೆಲವು ಕಾಲ ನೀರಿನಲ್ಲಿ ನೆನೆಹಾಕಿ, ಪಿಷ್ಟ ಕರಗಿಹೋದ ಮೇಲೆ ಸೀಳುವುದು ರೂಢಿ. ಹೀಗೆ ಸೀಳಿ ನಯಗೊಳಿಸಿದ ಪಟ್ಟಿಗಳಿಗೆ ದೆಬ್ಬೆ ಎನ್ನುತ್ತಾರೆ. ಬಿದಿರಿನ ಹೊರಮೈಯ ಹಸಿರು ಸಿಪ್ಪೆಯಿರುವ ದೆಬ್ಬೆ ಗಟ್ಟಿಯಾಗಿಯೂ ಬಾಗುವಂಥದಾಗಿಯೂ ಇರುವುದರಿಂದ ಹೆಣಿಗೆಗೆ ಅದೇ ಶ್ರೇಷ್ಠ. ಬುಟ್ಟಿ, ಮೊರ, ತಟ್ಟಿಗಳನ್ನು ಹೆಣೆಯುವ ಮೇದರ ಕೈಚಳಕವೂ ಹೊಳೆಯನ್ನು ಬಲ್ಲ ಅಂಬಿಗರ ಅನುಭವವೂ ಈ ಕೆಲಸದಲ್ಲಿ ಒಂದಾಗುತ್ತವೆ.

ಮೊದಲು ಸಮತಟ್ಟಾದ ನೆಲದ ಮೇಲೆ ತಳವನ್ನು ಹೆಣೆಯಲಾಗುತ್ತದೆ. ದೆಬ್ಬೆಗಳನ್ನು ಎರಡು ಮೂರು ದಿಕ್ಕುಗಳಿಂದ ಒಂದರ ಮೇಲೊಂದು ಹಾಯಿಸಿ, ನಡುವೆ ಕಣ್ಣುಗಳು ಉಳಿಯುವಂತೆ ಹೆಣೆದು, ತಳ ಮೇಲೇಳದಂತೆ ಅದರ ಮೇಲೆ ಕಲ್ಲುಗಳನ್ನು ಹೇರಿ, ಹೊರಚಾಚಿದ ತುದಿಗಳನ್ನು ಸುತ್ತಲೂ ಮೇಲಕ್ಕೆ ಬಾಗಿಸುತ್ತ ಗೋಡೆಯನ್ನು ಎಬ್ಬಿಸುತ್ತಾರೆ. ಕೊನೆಯಲ್ಲಿ ಬಾಯಿಯ ಸುತ್ತ ದೆಬ್ಬೆಗಳನ್ನು ಜಡೆಯಂತೆ ಒತ್ತಾಗಿ ಹೆಣೆದು ದಪ್ಪನಾದ ಅಂಚು ಕಟ್ಟಲಾಗುತ್ತದೆ. ಇಡೀ ದೋಣಿಯ ಆಕಾರವನ್ನು ಹಿಡಿದಿಡುವುದು ಈ ಅಂಚು. ಜನರು ಹತ್ತುವಾಗ ಇಳಿಯುವಾಗ ಭಾರ ಬೀಳುವುದೂ ಇದರ ಮೇಲೆಯೇ. ಮೀನುಗಾರನೊಬ್ಬನ ಹರಿಗೋಲಿನ ಅಡ್ಡಳತೆ ಸುಮಾರು ಆರು ಅಡಿಯಷ್ಟಿರುತ್ತದೆ. ಜನರನ್ನು ದಾಟಿಸುವ ಹರಿಗೋಲು ಇದಕ್ಕಿಂತ ಸಾಕಷ್ಟು ದೊಡ್ಡದು.

ಹಿಂದೆ ಈ ಚೌಕಟ್ಟಿಗೆ ದನದ ತೊಗಲನ್ನು ಹೊಲಿದು ಹೊದಿಸಿ, ಹೊಲಿಗೆಗಳಿಗೆ ರಾಳ ಮತ್ತು ಎಣ್ಣೆಯ ಲೇಪನ ಕೊಡುತ್ತಿದ್ದರು. ಈಗ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಅಥವಾ ಗೋಣಿಬಟ್ಟೆಯನ್ನು ಹೊದಿಸಿ ಕಾಯಿಸಿದ ಡಾಂಬರನ್ನು ಬಳಿಯುವುದೇ ಸಾಮಾನ್ಯವಾಗಿದೆ. ನಾರುಗಾಜು ಎನ್ನುವ ಫೈಬರ್‌ನಿಂದ ಅಚ್ಚೊತ್ತಿ ತೆಗೆದ ಹರಿಗೋಲುಗಳೂ ಬಳಕೆಗೆ ಬಂದಿವೆ. ಅವಕ್ಕೆ ಹುಳುವಿನ ಕಾಟವಿಲ್ಲ. ಆದರೆ ಬಿದಿರಿನ ಹೆಣಿಗೆ ಕಲ್ಲಿಗೆ ತಾಗಿದಾಗ ಬಳುಕಿ ಪೆಟ್ಟನ್ನು ನುಂಗುವಂತೆ ಅವು ನುಂಗುವುದಿಲ್ಲ.

ಚಾಲನೆ

ಉದ್ದನೆಯ ದೋಣಿಗೆ ಮೂತಿ ಮತ್ತು ಹಿಂಬದಿಗಳಿರುತ್ತವೆ, ಅಡಿಯಲ್ಲಿ ನೀರನ್ನು ಸೀಳುವ ಏಣು ಇರುತ್ತದೆ. ಹರಿಗೋಲಿಗೆ ಇವು ಯಾವುವೂ ಇಲ್ಲ. ಒಂದೇ ಬದಿಯಲ್ಲಿ ಹುಟ್ಟು ಹಾಕಿದರೆ ಅದು ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಹುಟ್ಟು ಎಂದರೆ ಅಗಲವಾದ ಅಲಗುಳ್ಳ ಮರದ ಕೋಲು. ಅಂಬಿಗನು ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಅಂಚಿನ ಬಳಿ ಕುಳಿತು, ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ, ಹುಟ್ಟನ್ನು ಎಡಕ್ಕೂ ಬಲಕ್ಕೂ ಹೊರಳಿಸುವುದರಿಂದ ಸುತ್ತುವಿಕೆ ಅಡಗಿ ದೋಣಿ ಮುಂದೆ ಸಾಗುತ್ತದೆ. ನೀರು ಕಡಿಮೆಯಿರುವಲ್ಲಿ ಬಿದಿರಿನ ಗಳವನ್ನು ತಳಕ್ಕೂರಿ ತಳ್ಳುವುದುಂಟು. ಪ್ರವಾಹಕ್ಕೆ ಎದುರಾಗಿ ಹರಿಗೋಲು ಏರಲಾರದು. ಆದುದರಿಂದ ಎದುರು ದಡದ ಗುರಿಗಿಂತ ಬಹಳ ಮೇಲಕ್ಕೆ ಅದನ್ನು ಹೊತ್ತೊಯ್ದು, ಅಲ್ಲಿಂದ ಓರೆಯಾಗಿ ಬಿಟ್ಟು, ಸೆಳೆತವೇ ಅದನ್ನು ಕಡವಿಗೆ ತಲುಪಿಸುವಂತೆ ಲೆಕ್ಕಹಾಕುವುದು ಅಂಬಿಗನ ವಿದ್ಯೆ.

ಈ ಕೊರತೆಗಳಿಗೆ ತಕ್ಕ ಗುಣಗಳೂ ಹರಿಗೋಲಿನಲ್ಲಿವೆ. ಭಾರ ಅಗಲವಾದ ತಳದ ಮೇಲೆ ಹರಡಿಕೊಳ್ಳುವುದರಿಂದ ಅದು ನೀರಿನಲ್ಲಿ ಸ್ವಲ್ಪವೇ ಮುಳುಗುತ್ತದೆ. ತುಂಗಭದ್ರೆಯ ಪಾತ್ರದಲ್ಲಿರುವಂಥ ಬಂಡೆಗಳ ಮೇಲೆ ಗೇಣುದ್ದ ನೀರಿದ್ದರೂ ಜಾರಿಕೊಂಡು ಹೋಗುತ್ತದೆ. ಬಂಡೆಗೆ ತಗುಲಿದರೆ ಅಡ್ಡಬಿದ್ದು ಮುರಿಯದೆ ಸುತ್ತಿ ಪಕ್ಕಕ್ಕೆ ಸರಿಯುತ್ತದೆ. ಮೀನುಗಾರನ ಸಣ್ಣ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಬೋರಲಾಗಿ ಹೊತ್ತು ನಡೆಯಬಹುದು. ದಡದಲ್ಲಿ ತಂಗುವ ಮೀನುಗಾರ ಕುಟುಂಬಗಳಿಗೆ ಮಳೆ ಬಿಸಿಲುಗಳಲ್ಲಿ ಬೋರಲು ಹಾಕಿದ ಹರಿಗೋಲೇ ಸೂರಾಗುತ್ತದೆ.

ಪಾಲನೆ

ಹರಿಗೋಲಿನ ಶತ್ರುಗಳು ಮೂರು: ಬಿದಿರನ್ನು ಕೊರೆಯುವ ಹುಳು, ಡಾಂಬರನ್ನು ಇಳಿಸುವ ಬಿಸಿಲು, ತಳವನ್ನು ತೇಯುವ ಕಲ್ಲು. ದಿನದ ಕೆಲಸ ಮುಗಿದ ಕೂಡಲೇ ಒಳಗೆ ನಿಂತ ನೀರನ್ನು ಮೊಗೆದು ಚೆಲ್ಲಿ, ದೋಣಿಯನ್ನು ಎಳೆಯದೆ ಎತ್ತಿಕೊಂಡೇ ದಡಕ್ಕೆ ತಂದು, ಮರದ ನೆರಳಿನಲ್ಲಿ ಅಂಚಿನಡಿ ಕಲ್ಲುಗಳನ್ನಿಟ್ಟು, ಗಾಳಿ ಆಡುವಂತೆ ಬೋರಲು ಹಾಕಬೇಕು. ಬಿಸಿಲಿನಲ್ಲಿ ಬಿಟ್ಟರೆ ಡಾಂಬರು ಮೆತ್ತಗಾಗಿ ಕೆಳಕ್ಕೆ ಇಳಿದು, ಮೇಲಿನ ಭಾಗ ತೆಳ್ಳಗಾಗಿ ಬಿರಿಯುತ್ತದೆ. ತೇವದಲ್ಲಿ ಬಿಟ್ಟರೆ ದೆಬ್ಬೆಗಳು ಕಟ್ಟಿದ ಕಡೆಗಳಲ್ಲಿ ಕಪ್ಪಾಗಿ ಕೊಳೆಯುತ್ತವೆ.

ವಾರ್ಷಿಕ ದುರಸ್ತಿ ನಡೆಯುವುದು ಹೊಳೆ ಇಳಿದಿರುವ ಬೇಸಗೆಯಲ್ಲಿ. ಚೆನ್ನಾಗಿ ಒಣಗಿದ ಹರಿಗೋಲನ್ನು ಬೋರಲು ನಿಲ್ಲಿಸಿ, ಒಬ್ಬನು ಅದರೊಳಗೆ ತಲೆಹಾಕಿ ಮೇಲಕ್ಕೆ ನೋಡುತ್ತಾನೆ. ಕತ್ತಲಾದ ಬುಟ್ಟಿಯೊಳಗೆ ಹೊದಿಕೆಯ ಸೂಜಿಮೊನೆಯಷ್ಟು ತೂತೂ ಬೆಳಕಿನ ಚುಕ್ಕಿಯಾಗಿ ಕಾಣಿಸುತ್ತದೆ. ಚುಕ್ಕಿ ಕಂಡಲ್ಲಿ ಒಳಗಿನಿಂದ ಕಡ್ಡಿ ಚುಚ್ಚಿ ಗುರುತುಮಾಡಿದರೆ, ಹೊರಗಿರುವವನು ಆ ಜಾಗದ ಹಳೆಯ ಡಾಂಬರನ್ನು ಕೆರೆದು ತೆಗೆದು, ಕಾದ ಡಾಂಬರಿನಲ್ಲಿ ಅದ್ದಿದ ಬಟ್ಟೆಯ ತುಂಡನ್ನು ತೂತಿಗಿಂತ ಅಂಗೈಯಷ್ಟು ಅಗಲವಾಗಿ ಹಚ್ಚಿ, ಅಂಚುಗಳನ್ನು ಕೋಲಿನಿಂದ ಒತ್ತಿ ಕೂರಿಸುತ್ತಾನೆ. ಹುಳು ಹತ್ತಿದ ದೆಬ್ಬೆಯ ಕೆಳಗೆ ಹಿಟ್ಟಿನಂಥ ಹುಡಿ ಉದುರಿರುತ್ತದೆ. ಅಂಥ ದೆಬ್ಬೆಯನ್ನು ಹೆಣಿಗೆಯಿಂದ ಬಿಡಿಸಿ ಹೊಸದನ್ನು ತೂರಿಸುವುದು ಹೊದಿಕೆಯ ತೇಪೆಗಿಂತ ಕಷ್ಟದ ಕೆಲಸ. ಇದೆಲ್ಲ ಮುಗಿದ ಮೇಲೆ ಹೊರಮೈಗೆಲ್ಲ ತೆಳ್ಳಗೆ ಒಂದು ಕೋಟು ಡಾಂಬರು ಕೊಡಲಾಗುತ್ತದೆ. ದಪ್ಪನಾಗಿ ಬಳಿದರೆ ಭಾರ ಹೆಚ್ಚುವುದಲ್ಲದೆ ಪದರ ಬಿರುಕುಬಿಡುವುದೂ ಬೇಗ. ಹೀಗೆ ಸಿದ್ಧವಾದ ಹರಿಗೋಲಿಗೆ ಅರಿಸಿನ ಕುಂಕುಮವಿಟ್ಟು, ಗಂಗೆಯನ್ನು ಪೂಜಿಸಿ ನೀರಿಗಿಳಿಸುವ ಪದ್ಧತಿಯಿದೆ.

ಕಡವಿನ ಬದುಕು

ಜನರು ಹೊಳೆ ದಾಟುವ ನಿಗದಿತ ಸ್ಥಳವನ್ನು ಕಡವು ಎನ್ನುತ್ತಾರೆ. ಬೆಸ್ತ, ಗಂಗಾಮತ, ಕಬ್ಬಲಿಗ ಮೊದಲಾದ ಹೆಸರುಗಳಿಂದ ಕರೆಯಲಾಗುವ ಸಮುದಾಯಗಳ ಕುಟುಂಬಗಳು ತಲೆಮಾರುಗಳಿಂದ ಕಡವುಗಳನ್ನು ನಡೆಸಿಕೊಂಡು ಬಂದಿವೆ. ಊರಿನವರಿಂದ ಅಂಬಿಗನಿಗೆ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಕೂಲಿ ಸಲ್ಲುವ ಏರ್ಪಾಡು ಹಲವೆಡೆ ಇತ್ತು. ಶಾಲೆಗೆ ಹೋಗುವ ಮಕ್ಕಳು, ಸಂತೆಗೆ ಹೊರಟವರು, ಬಸುರಿ ಬಾಣಂತಿಯರು, ಆಚೆ ದಡದ ಹೊಲದಲ್ಲಿ ದುಡಿಯುವವರು ಎಲ್ಲರೂ ಒಂದೇ ಬುಟ್ಟಿಯಲ್ಲಿ ಕುಳಿತು ದಾಟಬೇಕಾಗಿದ್ದುದರಿಂದ, ಅಂಬಿಗನಿಗೆ ಎರಡೂ ದಡಗಳ ಸುದ್ದಿಯೂ ಸುಖದುಃಖವೂ ಗೊತ್ತಿರುತ್ತಿತ್ತು. ರಾಯಚೂರು ಜಿಲ್ಲೆಯಲ್ಲಿ ಕೃಷ್ಣಾ ನದಿಯ ನಡುಗಡ್ಡೆಗಳಾದ ಕುರ್ವಕುಲ, ನಾರದಗಡ್ಡೆ ಮುಂತಾದವು ಹರಿಗೋಲನ್ನೇ ನಂಬಿಕೊಂಡು ಬಂದ ಸ್ಥಳಗಳು.

ಅಣೆಕಟ್ಟುಗಳೂ ಸೇತುವೆಗಳೂ ಈ ಬದುಕನ್ನು ಮಾರ್ಪಡಿಸಿದವು. ಅಣೆಕಟ್ಟಿನ ಕೆಳಗಿನ ಹೊಳೆ ಏರುವುದು ಮಳೆಯೊಂದರಿಂದಲ್ಲ, ಬಾಗಿಲು ಎತ್ತುವುದರಿಂದಲೂ ಹೌದು. ಆದಕಾರಣ ಆಕಾಶವನ್ನು ಓದುತ್ತಿದ್ದ ಅಂಬಿಗನು ಈಗ ಜಲಾಶಯದ ಹೊರಹರಿವಿನ ಸೂಚನೆಯನ್ನೂ ಕೇಳಿಕೊಂಡೇ ದೋಣಿ ಬಿಡಬೇಕು. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಹಂಪಿಯ ಕಡವುಗಳಲ್ಲಿ ಹರಿಗೋಲಿನ ಸಂಚಾರ ನಿಲ್ಲುತ್ತದೆ. ಹಂಪಿಯ ಪರಿಸರದಲ್ಲಿ ತೂಗುಸೇತುವೆಗಳ ನಿರ್ಮಾಣ ಆರಂಭವಾದ ಕಾರಣ ಯುನೆಸ್ಕೊ ಸಂಸ್ಥೆಯು 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿ, 2006ರಲ್ಲಿ ಅದರಿಂದ ತೆಗೆಯಿತು. ಕಟ್ಟುತ್ತಿದ್ದ ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ ಕುಸಿದು ಪ್ರಾಣಹಾನಿಯಾಯಿತು. ಈ ಎಲ್ಲ ವರ್ಷಗಳಲ್ಲಿ ಎರಡು ದಡಗಳ ಜನರನ್ನು ದಾಟಿಸುವ ಹೊಣೆಯಲ್ಲಿ ಹರಿಗೋಲಿಗೂ ಪಾಲಿತ್ತು.

ದಕ್ಷಿಣ ಬೆಂಗಳೂರು ಮತ್ತು ಹರಿಗೋಲು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳು ಹರಡಿಕೊಂಡಿರುವ ನೆಲ ಮೂಲದಲ್ಲಿ ಕೆರೆಗಳ ನಾಡು. ಬಿಟಿಎಂ ಎಂಬ ಹೆಸರೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳಿಂದ ಆದದ್ದು; ಅವುಗಳಲ್ಲಿ ಸಂದ್ರವೆಂಬುದು ದೊಡ್ಡ ಕೆರೆಯನ್ನು ಹೇಳುವ ಸಮುದ್ರವೆಂಬ ಪದದ ಆಡುರೂಪ, ತಾವರೆಕೆರೆಯ ಅರ್ಥ ಸ್ವಯಂಸ್ಪಷ್ಟ. ಒಂದು ಕೆರೆಯ ಕೋಡಿಯಿಂದ ಹೊರಬಿದ್ದ ನೀರನ್ನು ಮುಂದಿನ ಕೆರೆಗೆ ಒಯ್ಯುವ ದೊಡ್ಡ ಕಾಲುವೆಗೆ ರಾಜಕಾಲುವೆ ಎನ್ನುತ್ತಾರೆ. ಮಡಿವಾಳದ ನೀರು ಅಗರಕ್ಕೂ, ಅಗರದ್ದು ಬೆಳ್ಳಂದೂರಿಗೂ, ಅಲ್ಲಿಂದ ವರ್ತೂರಿನ ಮೂಲಕ ದಕ್ಷಿಣ ಪಿನಾಕಿನಿಗೂ ಹೋಗುವುದು ಇಂಥ ಸರಪಳಿಯಿಂದ. ಮಳೆಗಾಲದಲ್ಲಿ ರಭಸವಾಗಿ ಹರಿದು ಉಳಿದ ತಿಂಗಳುಗಳಲ್ಲಿ ತಗ್ಗುತ್ತಿದ್ದ ಈ ಕಾಲುವೆಗಳು ನೀರನ್ನು ಸಾಗಿಸಲು ಮಾತ್ರ ಕಟ್ಟಿದವು. ಜನರನ್ನೂ ಸರಕನ್ನೂ ಸಾಗಿಸುವ ದೋಣಿಗಾಲುವೆಗಳಾಗಿ ಅವು ಎಂದೂ ಇರಲಿಲ್ಲ.

ಹರಿಗೋಲು ಈ ಭಾಗದಲ್ಲಿ ಕಾಣಿಸುವುದು ಕೆರೆಗಳ ಮೇಲೆ. ಕಾಟ್ಲಾ, ರೋಹು, ಗೆಂಡೆ ಮೊದಲಾದ ಮೀನುಗಳ ಮರಿಗಳನ್ನು ಬಿಟ್ಟು ಸಾಕುವ ಕೆರೆಗಳಲ್ಲಿ ಗುತ್ತಿಗೆದಾರರ ಮೀನುಗಾರರು ಸಂಜೆ ಬಲೆ ಬಿಟ್ಟು ಮುಂಜಾನೆ ಎತ್ತುವುದಕ್ಕೂ, ಅಂತರಗಂಗೆ ಮತ್ತು ಜೊಂಡನ್ನು ಕಿತ್ತು ದಡಕ್ಕೆ ತರುವುದಕ್ಕೂ, ಹೂಳಿನಲ್ಲಿ ಕಾಲೂರಲಾಗದ ಕಡೆ ಇಂಥ ಹಗುರ ದೋಣಿಯೇ ಒದಗುತ್ತದೆ. ಆದರೆ ನಗರದ ಕೆರೆಯ ಕೊಳಚೆ ನೀರಿನಲ್ಲಿ ಗಾಜಿನ ಚೂರು, ತಂತಿ, ಕಟ್ಟಡದ ಅವಶೇಷಗಳಿರುವುದರಿಂದ ಹೊದಿಕೆ ಹೊಳೆಯಲ್ಲಿರುವುದಕ್ಕಿಂತ ಬೇಗ ಹರಿಯುತ್ತದೆ. ದೋಣಿಯ ಪಾಲನೆ ಕೆರೆಯ ಪಾಲನೆಯಿಂದ ಬೇರೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ನ್ಯಾಯಾಲಯದ ಆದೇಶದ ಮೇರೆಗೆ ತೆರವುಗೊಳಿಸಿದ್ದೂ, ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ ಸಂಘಟಿತರಾಗಿ ನೋಡಿಕೊಳ್ಳತೊಡಗಿದ್ದೂ ಈ ಪಾಲನೆಯ ಮುಖ್ಯ ಘಟ್ಟಗಳು. ಇದಕ್ಕೆ ವ್ಯತಿರಿಕ್ತವಾಗಿ, 2019ರ ನವೆಂಬರ್‌ನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ಬಡಾವಣೆಗಳಿಗೆ ನೀರು ನುಗ್ಗಿದಾಗ ಮನೆಗಳಲ್ಲಿ ಸಿಲುಕಿದವರನ್ನು ರಬ್ಬರ್ ದೋಣಿಗಳಲ್ಲಿ ಹೊರತರಬೇಕಾಯಿತು. ದೋಣಿ ಇರಬೇಕಾದ ಕೆರೆಯಿಂದ ಅದು ಬೀದಿಗೆ ಬಂದದ್ದು ಏರಿ ಮತ್ತು ಕಾಲುವೆಗಳ ಆರೈಕೆ ತಪ್ಪಿದುದರ ಫಲ.

ಕಾವೇರಿಯೊಂದಿಗೆ ಈ ಭಾಗದ ಸಂಬಂಧ ಇನ್ನೂ ನಿಕಟವಾದದ್ದು. 1974ರಲ್ಲಿ ಮೊದಲ ಹಂತ ಪೂರ್ಣಗೊಂಡ ಕಾವೇರಿ ಯೋಜನೆಯಿಂದ ತೊರೆಕಾಡನಹಳ್ಳಿ ಎಂಬ ಊರಿನಿಂದ ನದಿಯ ನೀರು ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಬಂದು ಜಯನಗರದ ನಲ್ಲಿಗಳಲ್ಲಿ ಸುರಿಯುತ್ತದೆ. ಬಳಸಿದ ನೀರಿನಲ್ಲಿ ಒಂದು ಪಾಲು ವೃಷಭಾವತಿಯನ್ನು ಸೇರಿ, ಬೈರಮಂಗಲ ಜಲಾಶಯವನ್ನು ಹಾದು, ಅರ್ಕಾವತಿಯೊಂದಿಗೆ ಸಂಗಮದಲ್ಲಿ ಮತ್ತೆ ಕಾವೇರಿಗೆ ಮರಳುತ್ತದೆ. ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದು ಮೇಕೆದಾಟು ನೋಡಲು ಹೋಗುವವರು ಅರ್ಕಾವತಿಯನ್ನು ಹರಿಗೋಲಿನಲ್ಲಿ ದಾಟುವುದು ಈ ಸಂಗಮದಲ್ಲಿಯೇ. ಅಲ್ಲಿಂದ ಮುಂದೆ ಕಾವೇರಿಯು ಮೇಕೆದಾಟಿನ ಇಕ್ಕಟ್ಟಾದ ಬಂಡೆಗಳ ಕೊರಕಲಿಗೆ ಇಳಿಯುವುದರಿಂದ ಹರಿಗೋಲು ಸಾಗದು. ಭೀಮೇಶ್ವರಿ, ಗಾಳಿಬೋರೆಗಳ ವಿಹಾರಧಾಮಗಳಲ್ಲಿಯೂ ನಗರದ ಪ್ರವಾಸಿಗರಿಗೆ ಹರಿಗೋಲಿನ ಪರಿಚಯವಾಗುತ್ತದೆ.

ಇತರ ನಾಡುಗಳಲ್ಲಿ

ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್, ಬ್ಯಾಬಿಲೋನಿಗೆ ಸರಕು ತರುತ್ತಿದ್ದ ಚರ್ಮದ ದುಂಡು ದೋಣಿಗಳಲ್ಲಿ ಕತ್ತೆಯನ್ನೂ ಕರೆತರುತ್ತಿದ್ದರೆಂದೂ, ಸರಕಿನೊಡನೆ ಚೌಕಟ್ಟನ್ನೂ ಮಾರಿ ಚರ್ಮವನ್ನು ಕತ್ತೆಯ ಮೇಲೆ ಹೇರಿ ಮರಳುತ್ತಿದ್ದರೆಂದೂ ಬರೆದಿದ್ದಾನೆ. ಇರಾಕಿನ ಗುಫಾ, ವೇಲ್ಸ್‌ನ ಕೊರಕಲ್, ವಿಯೆಟ್ನಾಮಿನ ಕರಾವಳಿಯ ಬಿದಿರುಬುಟ್ಟಿಯ ದೋಣಿ ಇವು ಹರಿಗೋಲಿನ ಬಂಧುಗಳು.

ರೂಪದಲ್ಲಿ ಹರಿಗೋಲಿಗೆ ತೀರ ದೂರವಾಗಿದ್ದರೂ ಪಾಲನೆಯಲ್ಲಿ ಹತ್ತಿರವಾದದ್ದು ಇಂಗ್ಲೆಂಡಿನ ಕಾಲುವೆಗಳ ನ್ಯಾರೋಬೋಟ್. ಇಕ್ಕಟ್ಟಾದ ಜಲಬಂಧಗಳನ್ನು, ಅಂದರೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಗಳುಳ್ಳ ಕಟ್ಟೆಗಳನ್ನು, ಹಾಯಬೇಕಾಗಿರುವುದರಿಂದ ಅದರ ಅಗಲ ಏಳು ಅಡಿಯನ್ನು ಮೀರುವುದಿಲ್ಲ. ಉದ್ದ ಮಾತ್ರ ಸುಮಾರು 70 ಅಡಿಯವರೆಗೂ ಇರಬಹುದು. ಕಲ್ಲಿದ್ದಲು ಸಾಗಿಸುತ್ತಿದ್ದ ಈ ದೋಣಿಗಳಲ್ಲಿ ಇಂದು ಸಾವಿರಾರು ಮಂದಿ ಮನೆಮಾಡಿಕೊಂಡಿದ್ದಾರೆ. ಅದರ ಉಕ್ಕಿನ ಒಡಲಿಗೂ ಎರಡು ಮೂರು ವರ್ಷಗಳಿಗೊಮ್ಮೆ ನೀರಿನಿಂದ ಮೇಲೆತ್ತಿ ಡಾಂಬರಿನ ಜಾತಿಯ ಕಪ್ಪು ಲೇಪನ ಕೊಡಬೇಕು. ನಾಲ್ಕು ವರ್ಷಗಳಿಗೊಮ್ಮೆ ಸುರಕ್ಷತೆಯ ತಪಾಸಣೆಯಾಗಬೇಕು. ಸ್ಥಿರವಾದ ತಂಗುದಾಣವಿಲ್ಲದ ದೋಣಿ ಸಾಮಾನ್ಯವಾಗಿ ಒಂದೆಡೆ 14 ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಸುಮಾರು 3,200 ಕಿಲೋಮೀಟರ್ ಜಲಮಾರ್ಗಗಳನ್ನು ನೋಡಿಕೊಳ್ಳಲು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಪ್ರತ್ಯೇಕ ಸಂಸ್ಥೆಯಿದೆ. ದೋಣಿಗೂ ನೀರಿಗೂ ಕೂಡಿಯೇ ಕ್ರಮಬದ್ಧವಾದ ಪಾಲನೆ ದೊರೆತಿರುವುದು ಆ ವ್ಯವಸ್ಥೆಯ ವಿಶೇಷ.

ಸುರಕ್ಷತೆ ಮತ್ತು ಇಂದಿನ ಸ್ಥಿತಿ

ಹರಿಗೋಲಿನ ಅವಘಡಗಳಿಗೆ ಸಾಮಾನ್ಯ ಕಾರಣಗಳು ಅತಿಭಾರ, ಜನರು ಒಮ್ಮೆಲೇ ಒಂದು ಬದಿಗೆ ಸರಿಯುವುದು, ಸುಳಿ ಮತ್ತು ಮಡುಗಳ ಅಲಕ್ಷ್ಯ, ಜೀವರಕ್ಷಕ ಕವಚವಿಲ್ಲದಿರುವುದು. ಪ್ರವಾಸಿಗರ ಮೋಜಿಗಾಗಿ ಹರಿಗೋಲನ್ನು ಗಿರಗಿರನೆ ತಿರುಗಿಸುವುದೂ ಅಪಾಯಕಾರಿ. ಆಳವಿಲ್ಲದ ನಿಂತ ನೀರಿನಲ್ಲಿ ಬೆದರಿಕೆಯೆನಿಸದ ಈ ಆಟ ಹರಿವಿನಲ್ಲಿ ಅಂಬಿಗನ ಹಿಡಿತವನ್ನೇ ತಪ್ಪಿಸಬಹುದು. ಕೇಂದ್ರ ಸರ್ಕಾರದ 2021ರ ಒಳನಾಡು ಹಡಗುಗಳ ಕಾಯ್ದೆಯು ಯಂತ್ರರಹಿತ ದೋಣಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ.

ಕಡವುಗಳು ಸೇತುವೆಗಳಾಗಿ ಮಾರ್ಪಟ್ಟಂತೆ ಹರಿಗೋಲಿಗೆ ಉಳಿದಿರುವ ಆಸರೆ ಮೀನುಗಾರಿಕೆ ಮತ್ತು ಪ್ರವಾಸೋದ್ಯಮ. ಸೇತುವೆಯಿಂದ ಹೊಳೆಸಾಲಿನ ಜನರಿಗೆ ದೊರೆತ ನೆಮ್ಮದಿ ದೊಡ್ಡದು; ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಲಿತ ಬಿದಿರನ್ನು ಗುರುತಿಸುವ ಕಣ್ಣು, ಅಂಚನ್ನು ಜಡೆಹೆಣೆಯುವ ಕೈ, ಬುಟ್ಟಿಯೊಳಗೆ ತಲೆಹಾಕಿ ಬೆಳಕಿನ ಚುಕ್ಕಿಗಳನ್ನು ಹುಡುಕುವ ತಾಳ್ಮೆ ಇವು ಬಳಕೆಯಿದ್ದರೆ ಮಾತ್ರ ಉಳಿಯುವ ವಿದ್ಯೆಗಳು. ವಸ್ತುಸಂಗ್ರಹಾಲಯದ ಒಣನೆಲದಲ್ಲಿ ಹರಿಗೋಲನ್ನು ಇರಿಸಬಹುದು, ಅದರ ದುರಸ್ತಿಯ ಅಭ್ಯಾಸವನ್ನು ಅಲ್ಲಿ ಇರಿಸಲಾಗದು. ಮೇದರಿಗೆ ಬಿದಿರು ಸುಲಭವಾಗಿ ಸಿಗುವಂತೆ ಮಾಡುವುದು, ಕೆರೆಗಳ ನೀರನ್ನು ತಿಳಿಯಾಗಿಡುವುದು, ಪುನರುಜ್ಜೀವನಗೊಂಡ ಕೆರೆಗಳ ಕಳೆ ತೆಗೆಯುವ ಮತ್ತು ಮೀನು ಹಿಡಿಯುವ ಕೆಲಸಗಳಲ್ಲಿ ಬಿದಿರಿನ ಹರಿಗೋಲಿಗೆ ಎಡೆಗೊಡುವುದು ಈ ವಿದ್ಯೆ ಮುಂದುವರಿಯಲು ಇರುವ ನೇರವಾದ ದಾರಿಗಳು.